ಒಂದೇ ಸೇವೆ, ಹಲವು ಒಡೆಯರು



ನಿಮ್ಮ ಬಾಲಭಾರತಿ ಪುಸ್ತಕದ ಆರಂಭದ ಪುಟದಲ್ಲಿ ಕಪ್ಪು-ಬಿಳುಪು ಚುಕ್ಕೆಗಳ ಒಂದು ಚೌಕವಿರುವುದನ್ನು ನೀವೆಲ್ಲರೂ ನೋಡಿದ್ದೀರಿ. ಮೊಬೈಲನ್ನು ಅದರ ಮುಂದೆ ಹಿಡಿದರೆ 'ದೀಕ್ಷಾ' ಎಂಬ ಸರಕಾರಿ ವ್ಯವಸ್ಥೆ ತೆರೆದುಕೊಂಡು ಪಾಠದ ಚಿತ್ರ, ಧ್ವನಿಗಳು ಎದುರಿಗೆ ಬರುತ್ತವೆ. ಎರಡು-ಮೂರು ಸೆಕೆಂಡಿನ ಕೆಲಸ. ಅಷ್ಟರಲ್ಲಿ ನಿಮ್ಮ ಬೇಡಿಕೆ ಎಷ್ಟು ಜನರ ಸೊತ್ತನ್ನು ದಾಟಿ ಹೋಗಿ ಬಂತೆಂದು ವಿಚಾರ ಮಾಡಿದ್ದೀರಾ? ಊರ ಹೊರಗಿನ ಗೋಪುರ ಒಬ್ಬರದು. ಅದಕ್ಕೆ ಕಟ್ಟಿದ ಆಂಟೆನಾ ಇನ್ನೊಬ್ಬರದು. ರಸ್ತೆಯ ಮಗ್ಗುಲಲ್ಲಿ ಹೂತ ಗಾಜಿನ ಎಳೆ ಮತ್ತೊಬ್ಬರದು. ಪಾಠವನ್ನು ಇಟ್ಟಿರುವ ಗಣಕಯಂತ್ರಗಳು ಬೇರೊಂದು ಕಂಪನಿಯವು. ನಮಗೆ ಮಾತ್ರ ಅದು ಒಂದೇ ಸೇವೆ.

ಹೀಗೆ ಅನೇಕ ಒಡೆಯರ ಸಾಧನಗಳ ಮೇಲೆ ಒಂದು ಜಾಲಸೇವೆಯನ್ನು ಹರಡಿ ನಿಲ್ಲಿಸುವ ವಿದ್ಯೆ ಈಚಿನ ಹತ್ತು-ಹದಿನೈದು ವರ್ಷಗಳಲ್ಲಿ ಬೆಳೆದುಬಂದಿದೆ. ಅದನ್ನು ನಮ್ಮ ಸೀಮೆಯ ಉದಾಹರಣೆಗಳಿಂದ ತಿಳಿದುಕೊಳ್ಳೋಣ. ಇದು ವಿಜ್ಞಾನದ ಗುರುಗಳ ವಿಷಯವಲ್ಲವೇ, ಕನ್ನಡ ಕಲಿಸುವ ನಮಗೇಕೆ ಎಂದು ಪಾಲಕರು ಕೇಳಬಹುದು. ಓದುತ್ತ ಹೋದಂತೆ ನಮಗೆ ತೋರಿದ್ದು ಇಷ್ಟು: ಈ ವಿದ್ಯೆಯಲ್ಲಿ ಯಂತ್ರದ ಭಾಗ ಅರ್ಧ. ಉಳಿದರ್ಧ, ಒಬ್ಬರು ಇನ್ನೊಬ್ಬರಿಗೆ ಏನು ಹೇಳಿದರು, ಏನನ್ನು ಹೇಳದೆ ಇಟ್ಟುಕೊಂಡರು, ಕೊಟ್ಟ ಮಾತಿಗೆ ಯಾರು ಹೊಣೆ ಎಂಬುದು. ಅಷ್ಟು ಭಾಗ ಭಾಷೆ ಕಲಿಸುವವರ ಸೀಮೆಯೊಳಗೂ ಬರುತ್ತದೆ.

ಪೆಟ್ಟಿಗೆಯಿಂದ ತಂತ್ರಾಂಶಕ್ಕೆ

ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರು ರಾಣಿ ಚೆನ್ನಮ್ಮನಿಂದ ಪ್ರಸಿದ್ಧವಾದ ಊರು. ಅದಕ್ಕೆ ಇನ್ನೊಂದು ಹಿರಿಮೆಯೂ ಉಂಟು. ಅದು ಬಹಳ ಜನರಿಗೆ ತಿಳಿಯದು. ೧೯೮೪ರಲ್ಲಿ ಭಾರತ ಸರಕಾರ ಸಿ-ಡಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹಳ್ಳಿಗಳಿಗೆ ಒಗ್ಗುವ ದೂರವಾಣಿ ಕೇಂದ್ರವನ್ನು ನಮ್ಮ ದೇಶದಲ್ಲಿಯೇ ತಯಾರಿಸುವುದು ಅದಕ್ಕೆ ಒಪ್ಪಿಸಿದ ಕೆಲಸಗಳಲ್ಲಿ ಮುಖ್ಯವಾದುದು. ಆ ಸಂಸ್ಥೆ ಸಿದ್ಧಪಡಿಸಿದ ೧೨೮ ಸಂಪರ್ಕಗಳ ಮೊದಲ ಗ್ರಾಮೀಣ ಸ್ವಯಂಚಾಲಿತ ಕೇಂದ್ರ ೧೯೮೬ರಲ್ಲಿ ಕಿತ್ತೂರಿನಲ್ಲಿಯೇ ನೆಲೆಗೊಂಡಿತು. ಪರದೇಶದಿಂದ ತಂದ ಯಂತ್ರಗಳಿಗೆ ತಂಪು ಕೋಣೆ ಬೇಕಾಗುತ್ತಿತ್ತು. ಇದು ಧೂಳು-ಬಿಸಿಲಿಗೆ ಅಂಜದೆ ಸಾಮಾನ್ಯ ಕೋಣೆಯಲ್ಲಿ ಕೆಲಸ ಮಾಡಿತು. ಆ ಮೇಲೆ ಇಂಥ ಕೇಂದ್ರಗಳು ದೇಶದ ಸಾವಿರಾರು ಹಳ್ಳಿಗಳನ್ನು ತಲುಪಿದವು.

ಆ ಪೆಟ್ಟಿಗೆಯಲ್ಲಿ ಏನಿತ್ತು? ಕರೆ ಮಾಡಿದವರು ಯಾರು, ಯಾರಿಗೆ ಜೋಡಿಸಬೇಕು, ಎಷ್ಟು ಹೊತ್ತು ಮಾತನಾಡಿದರು, ಎಷ್ಟು ಹಣವಾಯಿತು—ಈ ಕೆಲಸಗಳೆಲ್ಲ ಅದರೊಳಗೆ ಸೇರಿದ್ದವು. ಅಂತರ್ಜಾಲ ಬಂದ ಮೇಲೆ ಕೆಲಸಗಳು ಹೆಚ್ಚಿದವು. ಕಳ್ಳ ಸಂದೇಶಗಳನ್ನು ತಡೆಯುವ ಕಾವಲು ಪೆಟ್ಟಿಗೆ ಬೇರೆ, ದಾರಿ ತೋರಿಸುವುದು ಬೇರೆ, ಹೆಚ್ಚು ಜನ ನೋಡುವ ಚಿತ್ರಗಳ ಪ್ರತಿಯನ್ನು ಹತ್ತಿರದಲ್ಲಿ ಕೂಡಿಡುವುದು ಬೇರೆ. ಪ್ರತಿಯೊಂದನ್ನೂ ಕೊಂಡು, ಲಾರಿಯಲ್ಲಿ ತಂದು, ಕೋಣೆಯಲ್ಲಿ ಕೂರಿಸಿ, ಕೆಟ್ಟರೆ ಅದೇ ಕಂಪನಿಯ ಮನುಷ್ಯನ ದಾರಿ ಕಾಯಬೇಕು. ೨೦೧೨ರ ಅಕ್ಟೋಬರಿನಲ್ಲಿ ಜರ್ಮನಿಯ ಡಾರ್ಮ್‌ಷ್ಟಾಟ್ ನಗರದ ಸಮ್ಮೇಳನವೊಂದರಲ್ಲಿ ಜಗತ್ತಿನ ೧೩ ದೂರಸಂಪರ್ಕ ಕಂಪನಿಗಳು ಕೂಡಿ ಒಂದು ಪತ್ರವನ್ನು ಹೊರಡಿಸಿದವು. ಈ ಕೆಲಸಗಳನ್ನು ಪೆಟ್ಟಿಗೆಯಿಂದ ಬಿಡಿಸಿ, ಬರಿಯ ತಂತ್ರಾಂಶವನ್ನಾಗಿ ಮಾಡಿ, ಸಾಮಾನ್ಯ ಗಣಕಯಂತ್ರಗಳ ಮೇಲೆ ನಡೆಸೋಣ ಎಂಬುದು ಅದರ ತಾತ್ಪರ್ಯ. ಕೆಲಸ ಪೆಟ್ಟಿಗೆಯಿಂದ ಬಿಡುಗಡೆಯಾದರೆ ಅದನ್ನು ಲಾರಿಯಲ್ಲಿ ಸಾಗಿಸಬೇಕಾಗಿಲ್ಲ; ತಂತಿಯ ಮೂಲಕವೇ ಕಳಿಸಿ, ಬೇಕಾದ ಊರಿನ ಯಂತ್ರದಲ್ಲಿ ಕೂರಿಸಬಹುದು.

ಇಂಥ ಕೆಲಸಕ್ಕೆ 'ವರ್ಚುವಲ್' ಎಂಬ ವಿಶೇಷಣವನ್ನು ಹಚ್ಚುತ್ತಾರೆ. ಮರಾಠಿಯವರು 'ಆಭಾಸಿ' ಎನ್ನುತ್ತಾರೆ. ಕನ್ನಡದಲ್ಲಿ ಕೆಲವರು 'ಮಿಥ್ಯಾ' ಎಂದು ಬರೆಯುವುದುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಸುಳ್ಳೆಂಬುದು ಯಾವುದೂ ಇಲ್ಲ. ಅಣ್ಣತಮ್ಮಂದಿರ ಪಾಲಿನ ಬಾವಿಯನ್ನು ನೆನೆಯಿರಿ. ಬಾವಿ ಒಂದು, ಪಂಪು ಒಂದು. ಇಂದು ಅಣ್ಣನ ಪಾಳಿ, ನಾಳೆ ತಮ್ಮನ ಪಾಳಿ. ತನ್ನ ಪಾಳಿಯಲ್ಲಿ ಪ್ರತಿಯೊಬ್ಬನಿಗೂ ಇಡೀ ಬಾವಿ ತನ್ನದೇ. ಅವನ ಹೊಲಕ್ಕೆ ಹರಿದ ನೀರು ಮಿಥ್ಯೆಯೇನು? ಒಂದು ಗಣಕಯಂತ್ರವನ್ನೂ ಹೀಗೆಯೇ ಪಾಳಿ ಹಾಕಿ ಹಂಚುತ್ತಾರೆ. ಅಲ್ಲಿ ಪಾಳಿ ಸೆಕೆಂಡಿಗೆ ನೂರಾರು ಸಲ ಬದಲಾಗುವುದರಿಂದ ಪ್ರತಿಯೊಬ್ಬ ಬಳಕೆದಾರನಿಗೂ ತನಗೊಂದು ಪ್ರತ್ಯೇಕ ಯಂತ್ರವೇ ಇದ್ದಂತೆ ತೋರುತ್ತದೆ. ಈ ಉಪಾಯ ಹೊಸದಲ್ಲ, ಐ.ಬಿ.ಎಂ. ಕಂಪನಿಯವರು ೧೯೬೦ರ ದಶಕದಲ್ಲಿಯೇ ಮಾಡಿ ತೋರಿಸಿದ್ದರು. ಅದನ್ನು ದೂರಸಂಪರ್ಕಕ್ಕೆ ಹಚ್ಚಿದ್ದು ಹೊಸದು.

ಇಚಲಕರಂಜಿಯ ಬಟ್ಟೆ

ಮುಂದಿನ ಮಾತಿಗೆ ಇಚಲಕರಂಜಿಯೇ ತಕ್ಕ ಉದಾಹರಣೆ. ೧೯೦೪ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುನ್ಮಗ್ಗವನ್ನು ಹಾಕಿದರು. ಜಹಗೀರದಾರರಾದ ನಾರಾಯಣರಾವ್ ಘೋರ್ಪಡೆಯವರು ಬೆಂಬಲವಾಗಿ ನಿಂತರು. ಊರು ಬೆಳೆದಂತೆ ಕೆಲಸ ಹಂಚಿಹೋಯಿತು. ಇಂದು ಅಲ್ಲಿ ಎಷ್ಟೋ ಬಟ್ಟೆಯ ವ್ಯಾಪಾರಿಗಳಿಗೆ ಸ್ವಂತದ ಒಂದು ಮಗ್ಗವೂ ಇಲ್ಲ. ಅವರು ನೂಲು ಕೊಳ್ಳುತ್ತಾರೆ. ಸೈಜಿಂಗಿನವರು ಹಾಸಿನ ಎಳೆಗಳಿಗೆ ಗಂಜಿ ಹಿಡಿಸಿ ಭೀಮಿಗೆ ಸುತ್ತಿಕೊಡುತ್ತಾರೆ. 'ಖರ್ಚೀವಾಲಾ' ಎಂದು ಕರೆಯುವ ಕೂಲಿ ಮಗ್ಗದವರು ಪಿಕ್ಕಿನ ಲೆಕ್ಕದಲ್ಲಿ ನೇಯ್ದುಕೊಡುತ್ತಾರೆ. ಕೋರಾ ಬಟ್ಟೆ ಪ್ರೊಸೆಸಿಂಗಿಗೆ ಹೋಗಿ ಬಣ್ಣ, ಹೊಳಪು ಪಡೆದು ಬರುತ್ತದೆ. ನಿಮ್ಮ ಅಂಗಿಯ ಬಟ್ಟೆಗೆ ನಾಲ್ಕು ಜನ ಒಡೆಯರು. ಅಂಗಡಿಯಲ್ಲಿ ಅದು ಒಂದೇ ಥಾನು.

ಆ ವ್ಯಾಪಾರಿಗೆ ಮೂರು ಸಂಗತಿಗಳು ಗೊತ್ತಿರಬೇಕು. ಕೆಲಸದ ಕ್ರಮ ತಪ್ಪಬಾರದು. ಗಂಜಿ ಹಿಡಿಸದೆ ಮಗ್ಗಕ್ಕೆ ಹಾಕಿದರೆ ಎಳೆ ಕಡಿಯುತ್ತದೆ. ಯಾರ ಬಳಿ ಎಷ್ಟು ಮಗ್ಗ ಖಾಲಿ ಇವೆ, ದರವೇನು ಎಂಬುದು ತಿಳಿದಿರಬೇಕು. ಬಟ್ಟೆಯಲ್ಲಿ ದೋಷ ಬಂದರೆ ಅದು ಯಾರ ಮನೆಯಲ್ಲಿ ಆಯಿತೆಂದು ಗುರುತಿಸಲು ಬರಬೇಕು. ಈ ಮೂರನೆಯದೇ ಕಷ್ಟ. ಪ್ರೊಸೆಸಿಂಗಿನವರು ನೇಯ್ಗೆ ಸರಿಯಿಲ್ಲವೆನ್ನುತ್ತಾರೆ, ಮಗ್ಗದವರು ಸೈಜಿಂಗ್ ಸರಿಯಿಲ್ಲವೆನ್ನುತ್ತಾರೆ, ಸೈಜಿಂಗಿನವರು ನೂಲೇ ಹಗುರವೆನ್ನುತ್ತಾರೆ. ಜಾಲಸೇವೆಯಲ್ಲಿಯೂ ಈ ಮೂರೇ ಸಂಗತಿಗಳಿವೆ. ಅಲ್ಲಿಯೂ ಮೂರನೆಯದೇ ಕಷ್ಟ.

ಒಂದು ಸೇವೆ ಇಬ್ಬರು ಒಡೆಯರ ಮೇಲೆ ನಡೆಯುವುದನ್ನು ಗಡಿನಾಡಿನ ನಾವು ಬಹಳ ಹಿಂದಿನಿಂದ ಬಲ್ಲೆವು. ರೋಮಿಂಗ್ ಎಂದರೆ ಅದೇ. ಮುರಗೂಡ ಮಹಾರಾಷ್ಟ್ರ-ಗೋವಾ ದೂರಸಂಪರ್ಕ ವಲಯದಲ್ಲಿದೆ. ಹತ್ತಿರದ ನಿಪ್ಪಾಣಿ ಕರ್ನಾಟಕ ವಲಯದಲ್ಲಿದೆ. ನಿಪ್ಪಾಣಿಯಲ್ಲಿ ಕೊಂಡ ಸಿಮ್ ಇಲ್ಲಿಗೆ ಬಂದೊಡನೆ ಇಲ್ಲಿಯ ಗೋಪುರ ಅದರ ತವರಿನ ಗಣಕಯಂತ್ರವನ್ನು ಕೇಳುತ್ತದೆ: ಈತ ನಿಮ್ಮ ಗಿರಾಕಿಯೇ? ಹೌದೆಂದು ಉತ್ತರ ಬಂದರೆ ಕರೆಗೆ ದಾರಿ ಬಿಡುತ್ತದೆ. ಲೆಕ್ಕ ತವರಿನ ಪುಸ್ತಕಕ್ಕೆ ಹೋಗುತ್ತದೆ. ತಂಗಿಯ ಮನೆಗೆ ಹೋದವರು ಅಲ್ಲಿ ಬಂದ ಕರೆ ಎತ್ತಲೂ ಹಣ ತೆರುತ್ತಿದ್ದ ದಿನಗಳನ್ನು ನಿಮ್ಮ ತಂದೆ-ತಾಯಿಗಳು ಮರೆತಿರಲಾರರು. ೨೦೧೬-೧೭ರಲ್ಲಿ ದೊಡ್ಡ ಕಂಪನಿಗಳು ದೇಶದೊಳಗಿನ ಆ ಶುಲ್ಕವನ್ನು ಒಂದೊಂದಾಗಿ ಕೈಬಿಟ್ಟವು. ಶುಲ್ಕ ಹೋಯಿತು, ಆ ಪ್ರಶ್ನೋತ್ತರ ಮಾತ್ರ ಇಂದಿಗೂ ನಡೆದೇ ಇದೆ.

ಈಗ ಗೋಪುರದ ಒಡೆಯ, ಎಳೆಯ ಒಡೆಯ, ಸೇವೆಯ ಒಡೆಯ ಎಂದು ಬೇರೆ ಬೇರೆಯಾಗಿದ್ದಾರೆ. ೨೦೦೭ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಎಂಬ ಪ್ರತಿಸ್ಪರ್ಧಿ ಕಂಪನಿಗಳು ಕೂಡಿ ಇಂಡಸ್ ಟವರ್ಸ್ ಎಂಬ ಗೋಪುರದ ಕಂಪನಿಯನ್ನು ಕಟ್ಟಿದವು. ರೇಲ್ವೆ ಹಳಿಯ ಮಗ್ಗುಲಲ್ಲಿ ರೈಲ್‌ಟೆಲ್ ಎಳೆ ಹಾಸಿದೆ, ವಿದ್ಯುತ್ ತಂತಿಯ ಕಂಬಗಳ ಮೇಲೆ ಪವರ್‌ಗ್ರಿಡ್ ಎಳೆದಿದೆ. ಗ್ರಾಮ ಪಂಚಾಯತಿಗಳಿಗೆ ಎಳೆ ಮುಟ್ಟಿಸಲು ೨೦೧೧ರಲ್ಲಿ ಮಂಜೂರಾಗಿ ಮುಂದೆ ಭಾರತನೆಟ್ ಎಂಬ ಹೆಸರು ಪಡೆದ ಯೋಜನೆಯನ್ನು ಈ ಎರಡು ಸಂಸ್ಥೆಗಳಿಗೂ ಬಿ.ಎಸ್.ಎನ್.ಎಲ್.ಗೂ ಹಂಚಿಕೊಟ್ಟಿದ್ದರು. ೨೦೧೬ರಲ್ಲಿ ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ವಂತ ಗೋಪುರವಾಗಲಿ ತಂತಿಯಾಗಲಿ ಇಲ್ಲದೆ ಇನ್ನೊಬ್ಬರ ಜಾಲದ ಮೇಲೆ ಸೇವೆ ಮಾರುವ ಕಂಪನಿಗಳಿಗೂ ಪರವಾನಗಿಯ ನಿಯಮ ಮಾಡಿತು. ಮಗ್ಗವಿಲ್ಲದ ಬಟ್ಟೆ ವ್ಯಾಪಾರಿಗೆ ಸರಿಯಾದ ಜೋಡಿ.

ಜಪಾನಿನ ರಾಕುಟೆನ್ ಕಂಪನಿ ೨೦೨೦ರ ಏಪ್ರಿಲಿನಲ್ಲಿ ತನ್ನ ಮೊಬೈಲ್ ಸೇವೆಯನ್ನು ಆರಂಭಿಸಿದಾಗ ಜಾಲದ ಕೆಲಸಗಳನ್ನು ಆದ್ಯಂತ ತಂತ್ರಾಂಶದಲ್ಲಿಯೇ ಇಟ್ಟಿತು. ಅದರ ಸ್ವಂತ ಗೋಪುರ ಮುಟ್ಟದ ಊರುಗಳಲ್ಲಿ ಗಿರಾಕಿಗಳು ಕೆ.ಡಿ.ಡಿ.ಐ. ಎಂಬ ಹಳೆಯ ಕಂಪನಿಯ ಜಾಲವನ್ನೇ ಬಳಸಿದರು. ನಮ್ಮ ದೀಕ್ಷಾ ಕೂಡ ಇದಕ್ಕೆ ಹತ್ತಿರದ ಸಾಕ್ಷಿ. ೨೦೧೭ರ ಸೆಪ್ಟೆಂಬರ್ ೫ರಂದು ಆರಂಭವಾದ ಆ ವ್ಯವಸ್ಥೆಯನ್ನು ಇರಿಸಿ ನಡೆಸಲು ೨೦೨೩ರಲ್ಲಿ ಒರಾಕಲ್ ಕಂಪನಿಯ ಯಂತ್ರಾಗಾರಗಳು ಆಯ್ಕೆಯಾದವು. ನಿಮ್ಮ ಪುಸ್ತಕದಲ್ಲಿಯ ಚುಕ್ಕೆಯ ಚೌಕ ಅದಕ್ಕಾಗಿ ಬದಲಾಗಬೇಕಾಗಲಿಲ್ಲ. ಸೇವೆ ಯಂತ್ರಕ್ಕೆ ಅಂಟಿಕೊಂಡಿದ್ದರೆ ಹೀಗೆ ಮನೆ ಬದಲಿಸಲು ಬರುತ್ತಿರಲಿಲ್ಲ.

ಸೂತ್ರಧಾರನ ಕೆಲಸ

ಕೆಲಸ ಹೇಗೆ ನಡೆಯುತ್ತದೆಂದು ನೋಡಲು ಒಂದು ಕಲ್ಪನೆ ಮಾಡೋಣ. ಅಕ್ಕಲಕೋಟೆಯಲ್ಲಿ ಒಬ್ಬ ಗುರುಗಳು ಹತ್ತನೆಯ ಇಯತ್ತೆಯ ಕನ್ನಡ ವ್ಯಾಕರಣದ ಪಾಠ ಮಾಡುತ್ತಾರೆ. ಜತ್ತ, ಗಡಹಿಂಗ್ಲಜ, ಇಚಲಕರಂಜಿ ಕಡೆಯ ಕನ್ನಡ ಶಾಲೆಗಳ ಮಕ್ಕಳು ಅದನ್ನು ಅದೇ ಹೊತ್ತಿಗೆ ನೋಡಿ ಪ್ರಶ್ನೆ ಕೇಳಬೇಕು. ಇದಕ್ಕೆ ನಾಲ್ಕು ಕೆಲಸಗಳಿವೆ: ಬಾಗಿಲಲ್ಲಿ ನಿಂತು ಬಂದವರನ್ನು ಗುರುತಿಸುವುದು, ದುರ್ಬಲ ಸಂಪರ್ಕವಿರುವ ಊರಿಗೆ ಚಿತ್ರವನ್ನು ಹಗುರ ಮಾಡುವುದು, ಪಾಠದ ಪ್ರತಿಯನ್ನು ಶಾಲೆಗಳ ಹತ್ತಿರ ಕೂಡಿಡುವುದು, ಹಾಜರಿ ಬರೆದಿಡುವುದು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳು ಮೂರಿವೆ ಎನ್ನೋಣ.

ಮೊದಲು ಬೇಡಿಕೆ ಪತ್ರ. ಯಾವ ಯಾವ ಕೆಲಸ, ಯಾವ ಕ್ರಮ, ಎಷ್ಟು ಸ್ಮರಣಶಕ್ತಿಯ ಯಂತ್ರ, ಎಷ್ಟು ವೇಗ ಎಂದು ಬರೆಯುತ್ತಾರೆ. 'ವೇಗವಾಗಿ ಬೇಕು' ಎಂದು ಬರೆದರೆ ನಡೆಯದು. 'ಇಷ್ಟು ಮಿಲಿಸೆಕೆಂಡಿನೊಳಗೆ' ಎಂದೇ ಬರೆಯಬೇಕು. ಮದುವೆಯ ಯಾದಿಯಂತೆ ಇದು. ಬರೆಯದೆ ಬಿಟ್ಟದ್ದು ಬರುವುದಿಲ್ಲ. ಬಳಿಕ ಕಟ್ಟಳೆಗಳನ್ನು ಸೇರಿಸುತ್ತಾರೆ: ಗುರುತಿಸುವುದು ಎಲ್ಲಕ್ಕಿಂತ ಮೊದಲು, ಪ್ರತಿಯನ್ನು ಇಡುವುದು ಶಾಲೆಗಳ ಸಮೀಪದಲ್ಲಿ. ಹಾಜರಿಯ ಮಾತು ಇನ್ನೂ ಸೂಕ್ಷ್ಮ. ಅದು ಮಕ್ಕಳ ಖಾಸಗಿ ಮಾಹಿತಿ. ೨೦೨೩ರ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯು ೧೮ ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದುದರಿಂದ ಅದನ್ನು ಯಾರ ಯಂತ್ರದಲ್ಲಿ ಇಡುತ್ತಾರೆಂಬುದು ದರದಿಂದ ಮಾತ್ರ ತೀರ್ಮಾನವಾಗುವ ಸಂಗತಿಯಲ್ಲ. ಪಾಲಕರು ಈ ಒಂದು ವಾಕ್ಯವನ್ನು ಎರಡು ಸಲ ಓದಲಿ.

ಈಗ ಹಂಚಿಕೆ. ನಾಲ್ಕು ಕೆಲಸಗಳನ್ನು ಮೂರು ಕಂಪನಿಗಳಿಗೆ ಎಷ್ಟು ಬಗೆಯಲ್ಲಿ ಹಂಚಬಹುದು? ಪ್ರತಿ ಕೆಲಸಕ್ಕೂ ಮೂರು ದಾರಿ. ೩×೩×೩×೩, ಅಂದರೆ ೮೧ ಬಗೆ. ಕೆಲಸಗಳು ಹತ್ತಾದರೆ ೫೯,೦೪೯ ಬಗೆ. ನಿಜವಾದ ಸೇವೆಗಳಲ್ಲಿ ಕೆಲಸಗಳೂ ಹೆಚ್ಚು, ಪ್ರತಿ ಕಂಪನಿಗೆ ಹತ್ತಾರು ಊರುಗಳಲ್ಲಿ ಯಂತ್ರಾಗಾರಗಳೂ ಇರುತ್ತವೆ. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಕುಳಿತರೆ ಮುಗಿಯುವ ಹಾಗಿಲ್ಲ. ಆದ್ದರಿಂದ ಅತ್ಯುತ್ತಮವಾದುದನ್ನು ಬಿಟ್ಟು, ಸಾಕಷ್ಟು ಒಳ್ಳೆಯದಾದ ಹಂಚಿಕೆಯನ್ನು ಬೇಗ ಹುಡುಕುವ ಉಪಾಯಗಳನ್ನು ಗಣಿತಜ್ಞರು ಕಟ್ಟಿದ್ದಾರೆ. ವರ ಹುಡುಕುವ ಮನೆಯವರ ಪದ್ಧತಿಯೂ ಇದೇ ಅಲ್ಲವೇ!

ಇದನ್ನು ನಡೆಸುವ ತಂತ್ರಾಂಶಕ್ಕೆ ನಾವು ಸೂತ್ರಧಾರ ಎನ್ನೋಣ. ನಾಟಕದಲ್ಲಿ ಯಾರು ಯಾವಾಗ ಬರಬೇಕೆಂದು ಹೇಳುವವನು ಅವನು. ಆದರೆ ಈ ಸೂತ್ರಧಾರನಿಗೆ ಒಂದು ದೊಡ್ಡ ಅಡಚಣೆ ಉಂಟು. ಪಾತ್ರಧಾರಿಗಳು ತಮ್ಮ ಗುಟ್ಟು ಬಿಡುವುದಿಲ್ಲ. ತನ್ನ ಎಳೆಗಳು ಎಲ್ಲಿ ಹಾದುಹೋಗಿವೆ, ಯಾವ ಯಂತ್ರ ಎಷ್ಟು ತುಂಬಿದೆ ಎಂಬುದನ್ನು ಯಾವ ಕಂಪನಿಯೂ ಹೊರಗಿನವರಿಗೆ ತೋರಿಸದು. ಪ್ರತಿಸ್ಪರ್ಧಿಗೆ ಅದು ತಿಳಿದರೆ ವ್ಯಾಪಾರ ಕೆಟ್ಟೀತು. 'ನಮ್ಮಲ್ಲಿ ಇಷ್ಟು ಜಾಗ ಉಂಟು, ಇಷ್ಟು ದರ, ಇಷ್ಟು ವಿಳಂಬ' ಎಂಬ ಸಾರಾಂಶವನ್ನಷ್ಟೇ ಕೊಡುತ್ತವೆ. ಖರ್ಚೀವಾಲಾ ಮಗ್ಗದವನು ಪಿಕ್ಕಿನ ದರ ಹೇಳುತ್ತಾನೆ, ತನ್ನ ಮನೆಯ ಲೆಕ್ಕ ಹೇಳುವುದಿಲ್ಲ. ಹೀಗಾಗಿ ಕೆಲಸ ಎರಡು ಹಂತದಲ್ಲಿ ಸಾಗುತ್ತದೆ. ಹೊರಗಿನ ಸೂತ್ರಧಾರ ಯಾವ ತುಂಡು ಯಾವ ಕಂಪನಿಗೆ ಎಂದು ಗೊತ್ತುಮಾಡುತ್ತಾನೆ. ಒಳಗೆ ಪ್ರತಿ ಕಂಪನಿಯ ಸ್ವಂತ ಸೂತ್ರಧಾರ ತನ್ನ ಪಾಲಿನ ತುಂಡನ್ನು ತನಗೆ ಸರಿದೋರಿದ ಯಂತ್ರದಲ್ಲಿ ಕೂರಿಸುತ್ತಾನೆ.

ಕೊನೆಗೆ ತುಂಡುಗಳನ್ನು ಜೋಡಿಸಬೇಕು. ಒಂದು ಕಂಪನಿಯ ಒಳ ವಿಳಾಸಗಳು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಇದಕ್ಕೆ ಲಕೋಟೆಯೊಳಗೆ ಲಕೋಟೆ ಇಡುವ ಉಪಾಯ ಮಾಡುತ್ತಾರೆ. ಒಳಗಿನ ಲಕೋಟೆಯ ಮೇಲೆ ನಮ್ಮ ವಿಳಾಸ, ಹೊರಗಿನದರ ಮೇಲೆ ಸಾಗಿಸುವವರಿಗೆ ತಿಳಿಯುವ ವಿಳಾಸ. ನಡುವಿನವರು ಹೊರಗಿನದನ್ನು ಓದಿ ಮುಟ್ಟಿಸುತ್ತಾರೆ. ಒಳಗಿನದಕ್ಕೆ ಅರಗು ಒತ್ತಿರುತ್ತದೆ. ಇದನ್ನು ಸುರಂಗ ಎಂದೂ ಕರೆಯುತ್ತಾರೆ.

ಕೂಡುವ ಜಾಗಗಳು

ಇಲ್ಲಿಯವರೆಗಿನದನ್ನು ಪುಸ್ತಕ ಓದಿ ಕಲಿಯಬಹುದು. ತೊಂದರೆ ಇರುವುದು ಒಬ್ಬರ ಸೀಮೆ ಮುಗಿದು ಇನ್ನೊಬ್ಬರದು ಆರಂಭವಾಗುವ ಜಾಗದಲ್ಲಿ. ಅದನ್ನು ತುಸು ನಿಧಾನವಾಗಿ ನೋಡೋಣ.

ವಿಳಂಬದ ಲೆಕ್ಕ ಮಾಡಿರಿ. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಓಡುತ್ತದೆ. ೪೦೦ ಕಿಲೋಮೀಟರಿನ ದಾರಿಗೆ ೨ ಮಿಲಿಸೆಕೆಂಡು ಸಾಕು. ಆದರೆ ದಾರಿಯ ಪ್ರತಿ ಯಂತ್ರದಲ್ಲಿ ಸಂದೇಶ ಸರದಿಯಲ್ಲಿ ನಿಲ್ಲುತ್ತದೆ. ಹೊತ್ತು ಹೋಗುವುದು ಅಲ್ಲಿ. ಇಬ್ಬರು ಸಲೀಸಾಗಿ ಮಾತನಾಡಲು ಒಂದು ದಿಕ್ಕಿನ ವಿಳಂಬ ೧೫೦ ಮಿಲಿಸೆಕೆಂಡಿನೊಳಗೆ ಇರುವುದು ಒಳಿತೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳಿದೆ. ಮೂರು ಕಂಪನಿಗಳು ತಲಾ ೬೦ ಮಿಲಿಸೆಕೆಂಡಿನ ಮಾತು ಕೊಟ್ಟು ಅದನ್ನು ಉಳಿಸಿಕೊಂಡವೆನ್ನಿ. ಒಟ್ಟು ೧೮೦ ಆಯಿತು. ಗಡಹಿಂಗ್ಲಜದ ಹುಡುಗಿ ಕೇಳಿದ ಪ್ರಶ್ನೆ ಗುರುಗಳನ್ನು ಮುಟ್ಟುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಾರೆ. ಮೂವರಲ್ಲಿ ಒಬ್ಬರೂ ಮಾತಿಗೆ ತಪ್ಪಲಿಲ್ಲ, ಪಾಠ ಮಾತ್ರ ಕೆಟ್ಟಿತು.

ಇನ್ನು ನಂಬಿಗೆಯ ಲೆಕ್ಕ. ಒಂದು ಕಂಪನಿಯ ಸೇವೆ ನೂರು ತಾಸಿನಲ್ಲಿ ೯೯ ತಾಸು ನಡೆಯುತ್ತದೆ ಎನ್ನೋಣ. ಕೇಳಲು ಚೆನ್ನಾಗಿದೆ. ವರ್ಷಕ್ಕೆ ೮,೭೬೦ ತಾಸು. ಅದರ ನೂರನೆಯ ಒಂದು ಪಾಲು ೮೭.೬ ತಾಸು, ಅಂದರೆ ಮೂರೂವರೆ ದಿನಕ್ಕಿಂತ ಹೆಚ್ಚು. ಇಂಥ ಮೂವರನ್ನು ಸರಪಳಿಯಂತೆ ಒಬ್ಬರ ಮುಂದೊಬ್ಬರನ್ನು ಜೋಡಿಸಿದರೆ ಸೇವೆ ನಡೆಯಲು ಮೂವರೂ ಎದ್ದಿರಬೇಕು. ೦.೯೯×೦.೯೯×೦.೯೯ ಎಂದರೆ ಸುಮಾರು ೦.೯೭, ವರ್ಷಕ್ಕೆ ೨೬೦ ತಾಸು, ಹೆಚ್ಚುಕಡಿಮೆ ಹನ್ನೊಂದು ದಿನ ಸೇವೆ ನಿಂತೀತು. ಅದೇ ಕಂಪನಿಗಳಲ್ಲಿ ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಒಬ್ಬರು ಬಿದ್ದರೆ ಇನ್ನೊಬ್ಬರು ಹಿಡಿಯುವಂತೆ ಮಾಡಿದರೆ? ಇಬ್ಬರೂ ಒಮ್ಮೆಗೇ ಬೀಳುವ ಸಂಭವ ೦.೦೧×೦.೦೧. ವರ್ಷಕ್ಕೆ ೫೩ ನಿಮಿಷ! ಹನ್ನೊಂದು ದಿನವೆಲ್ಲಿ, ಒಂದು ತರಗತಿಯ ಅವಧಿಯೆಲ್ಲಿ? ಹಲವು ಒಡೆಯರಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ಅವರನ್ನು ಹೇಗೆ ನಿಲ್ಲಿಸಿದ್ದೀರಿ ಎಂದು ಮರುಪ್ರಶ್ನೆ ಹಾಕಿರಿ.

ಆದರೆ ಈ ಎರಡನೆಯ ಲೆಕ್ಕದಲ್ಲಿ ಒಂದು ಷರತ್ತು ಅಡಗಿದೆ. ಗಣಿತದ ಗುರುಗಳು ಅದನ್ನು ಸ್ವತಂತ್ರ ಘಟನೆಗಳು ಎನ್ನುತ್ತಾರೆ. ಒಬ್ಬರ ಬೀಳುವಿಕೆಗೂ ಇನ್ನೊಬ್ಬರ ಬೀಳುವಿಕೆಗೂ ಸಂಬಂಧವಿರಬಾರದು. ೨೦೧೯ರ ಆಗಸ್ಟಿನ ಮಹಾಪೂರವನ್ನು ನೀವು ನೆನೆಯಿರಿ, ಚಿಕ್ಕವರಾಗಿದ್ದರೆ ಮನೆಯಲ್ಲಿ ಕೇಳಿರಿ. ಕೊಲ್ಲಾಪುರದ ರಾಜಾರಾಮ್ ಬಂಧಾರೆಯಲ್ಲಿ ಪಂಚಗಂಗೆಯ ಅಪಾಯದ ಮಟ್ಟ ೪೩ ಅಡಿ. ನೀರು ೫೫ ಅಡಿ ದಾಟಿತು. ಪುಣೆ-ಬೆಂಗಳೂರು ಹೆದ್ದಾರಿ ಹಲವು ದಿನ ಬಂದಾಯಿತು. ೨೦೨೧ರ ಜುಲೈಯಲ್ಲಿ ನಮ್ಮ ವೇದಗಂಗೆಯೇ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೆ ಹರಿದಳು. ಇಂಥ ಹೊತ್ತಿನಲ್ಲಿ ಗೋಪುರ ಬ್ಯಾಟರಿಯ ಮೇಲೆ ಕೆಲವು ತಾಸು, ಡೀಸೆಲ್ ಇರುವವರೆಗೆ ಇನ್ನು ಕೆಲವು ತಾಸು ನಡೆಯುತ್ತದೆ. ರಸ್ತೆ ಮುಳುಗಿದರೆ ಡೀಸೆಲ್ ಬರುವುದೆಲ್ಲಿಂದ? ಎರಡು ಕಂಪನಿಗಳ ಆಂಟೆನಾ ಒಂದೇ ಗೋಪುರದ ಮೇಲೆ ಇದ್ದರೆ, ಎರಡರ ಎಳೆಯೂ ಒಂದೇ ಸೇತುವೆಯ ಮಗ್ಗುಲ ಕೊಳವೆಯಲ್ಲಿ ಹಾದಿದ್ದರೆ ಅವು ಹೆಸರಿಗೆ ಎರಡು, ನೀರಿಗೆ ಒಂದು. ವರ್ಚುವಲ್ ಎಂದು ಎಷ್ಟು ಮೇಲೆ ಏರಿಸಿದರೂ ಸೇವೆ ಕೊನೆಗೆ ಒಂದು ಊರಿನ ಮಣ್ಣಿನ ಮೇಲೆ ಕೂತಿರುತ್ತದೆ. ಕಂಪನಿಗಳು ತಮ್ಮ ನಕಾಶೆಯನ್ನು ಗುಟ್ಟಾಗಿ ಇಡುತ್ತವೆಂದು ಮೇಲೆ ಹೇಳಿದೆವು. ಆ ಗುಟ್ಟಿನ ಬೆಲೆ ಇಲ್ಲಿ ತಿಳಿಯುತ್ತದೆ. ಎರಡು ದಾರಿ ನಿಜವಾಗಿ ಬೇರೆಯೇ ಎಂಬುದನ್ನು ಸೂತ್ರಧಾರ ನೋಡಿ ತಿಳಿಯಲಾರ, ಕೇಳಿ ನಂಬಬೇಕು.

ಇದಕ್ಕೆ ತಿರುಗುಮುರುಗಾದ ಒಂದು ಘಟನೆ ೨೦೨೪ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದಲ್ಲಿ ನಡೆಯಿತು. ಯೂನಿಸೂಪರ್ ಎಂಬುದು ಅಲ್ಲಿಯ ನಿವೃತ್ತಿ ಉಳಿತಾಯದ ಸಂಸ್ಥೆ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು. ತನ್ನ ಲೆಕ್ಕಪತ್ರಗಳನ್ನು ಅದು ಗೂಗಲ್ ಕಂಪನಿಯ ಎರಡು ಬೇರೆ ಬೇರೆ ನೆಲೆಗಳಲ್ಲಿ ಇಟ್ಟಿತ್ತು. ಒಂದು ಮುಳುಗಿದರೆ ಇನ್ನೊಂದು ಉಳಿಯಲಿ ಎಂಬ ಎಚ್ಚರ ಸರಿಯಾದುದೇ. ಆದರೆ ವ್ಯವಸ್ಥೆಯಲ್ಲಿ ಆದ ಒಂದು ಚಿಕ್ಕ ತಪ್ಪಿನಿಂದ ಸಂಸ್ಥೆಯ ಖಾಸಗಿ ಕ್ಲೌಡ್ ಚಂದಾದಾರಿಕೆಯೇ ಅಳಿಸಿಹೋಯಿತು. ಅದರೊಡನೆ ಎರಡೂ ನೆಲೆಗಳಲ್ಲಿದ್ದುದು ಹೋಯಿತು. ಮಣ್ಣು ಬೇರೆಯಾಗಿತ್ತು, ಒಡೆಯ ಒಬ್ಬನೇ ಆಗಿದ್ದ. ಇನ್ನೊಂದು ಕಂಪನಿಯ ಬಳಿಯೂ ಒಂದು ಪ್ರತಿ ಇದ್ದುದರಿಂದ ಅವರು ವಾರಕ್ಕಿಂತ ಹೆಚ್ಚು ಕಾಲ ಶ್ರಮಪಟ್ಟು ಎಲ್ಲವನ್ನೂ ಮತ್ತೆ ನಿಲ್ಲಿಸಿದರು.

ನಮ್ಮ ದೇಶದಲ್ಲಿ ಚಂಡಮಾರುತ ಬಂದಾಗ ದೂರಸಂಪರ್ಕ ಇಲಾಖೆ ಒಂದು ಅಪ್ಪಣೆ ಕೊಡುವುದುಂಟು: ಆ ಜಿಲ್ಲೆಗಳಲ್ಲಿ ಯಾವ ಕಂಪನಿಯ ಗೋಪುರ ಎದ್ದಿರುವುದೋ ಅದು ಎಲ್ಲ ಕಂಪನಿಗಳ ಗಿರಾಕಿಗಳಿಗೂ ದಾರಿ ಬಿಡಬೇಕು. ಒಂದೇ ವಲಯದೊಳಗಿನ ರೋಮಿಂಗ್ ಇದು. ೨೦೨೫ರ ಜನವರಿ ೧೭ರಂದು ಇದನ್ನು ಆಪತ್ತಿಲ್ಲದ ದಿನಗಳಿಗೂ ತಂದರು. ಸರಕಾರದ ನಿಧಿಯಿಂದ ದೂರದ ಹಳ್ಳಿಗಳಲ್ಲಿ ಕಟ್ಟಿದ ಸುಮಾರು ೨೭,೦೦೦ ಗೋಪುರಗಳಲ್ಲಿ ಬಿ.ಎಸ್.ಎನ್.ಎಲ್., ಏರ್‌ಟೆಲ್, ಜಿಯೋ ಗಿರಾಕಿಗಳು ಯಾರ ಗೋಪುರವನ್ನಾದರೂ ಬಳಸಬಹುದೆಂದು ಸಾರಿದರು. ಜನರ ಹಣದಿಂದ ಕಟ್ಟಿದ ಗೋಪುರ ಜನರೆಲ್ಲರಿಗೂ ದುಡಿಯಬೇಕೆಂಬುದು ನ್ಯಾಯವೇ. ಮಹಾಪೂರಕ್ಕೆ ಪದೇ ಪದೇ ತುತ್ತಾಗುವ ನಮ್ಮಂಥ ಸೀಮೆಯಲ್ಲಿ ಖಾಸಗಿ ಗೋಪುರಗಳಿಗೂ ಮಳೆಗಾಲಕ್ಕೆ ಮುಂಚಿತವಾಗಿಯೇ ಇಂಥ ಒಪ್ಪಂದ ಸಿದ್ಧವಿರಬೇಕೆಂಬುದು ನಮ್ಮ ಅಭಿಪ್ರಾಯ. ನೀರು ಏರಿದ ಮೇಲೆ ಅಪ್ಪಣೆ ಹೊರಟರೆ ಅದು ಮುಟ್ಟಲೂ ಒಂದು ಜಾಲ ಬೇಕಷ್ಟೆ.

ಉಳಿದುದು ಹೊಣೆಯ ಮಾತು. ಕೆಲವು ವರ್ಷಗಳ ಹಿಂದೆ ಶಿಷ್ಯವೇತನದ ಫಾರ್ಮು ತುಂಬುವ ಕೊನೆಯ ದಿನ ಪುಟ ತೆರೆಯದೆ ಹೋಯಿತು. ಒಬ್ಬ ವಿದ್ಯಾರ್ಥಿನಿಯ ತಂದೆ ಕಬ್ಬಿನ ಕೆಲಸ ಬಿಟ್ಟು ದಿನವೆಲ್ಲ ಅಲೆದರು. ಅಂಗಡಿಯವನು ಸಂಪರ್ಕ ಸರಿಯಿಲ್ಲವೆಂದ. ಸಂಪರ್ಕ ಕೊಟ್ಟವರು ಕಚೇರಿಯ ಯಂತ್ರ ನಿಂತಿದೆ ಎಂದರು. ಕಚೇರಿಗೆ ಫೋನು ಮಾಡಿದರೆ ಯಂತ್ರ ನಡೆಯುತ್ತಿದೆ, ತೊಂದರೆ ನಿಮ್ಮ ಕಡೆಗೇ ಎಂದು ಉತ್ತರ ಬಂತು. ಗಡುವು ಮುಂದುವರಿದುದರಿಂದ ಆಕೆಯ ಹಣ ಉಳಿಯಿತು. ಆ ಮೂವರೂ ಪ್ರಾಮಾಣಿಕವಾಗಿಯೇ ಹೇಳಿರಬಹುದು. ಪ್ರತಿಯೊಬ್ಬರಿಗೂ ತಮ್ಮ ಬೇಲಿಯೊಳಗಿನದು ಮಾತ್ರ ಕಾಣುತ್ತಿತ್ತು.

ಇದಕ್ಕೆ ತಜ್ಞರು ಕಂಡುಕೊಂಡ ಉಪಾಯ ಸರಳವಾದುದು. ಪ್ರತಿ ಬೇಲಿಯ ಎರಡೂ ಬದಿಗೆ ಅಳತೆಯ ಯಂತ್ರ ಇಡುತ್ತಾರೆ. ಸಂದೇಶ ಈ ಕಡೆಯಿಂದ ಎಷ್ಟು ಗಂಟೆಗೆ ಹೊರಟಿತು, ಆ ಕಡೆ ಎಷ್ಟು ಗಂಟೆಗೆ ಬಂತೆಂದು ಇಬ್ಬರೂ ಬರೆದಿಡುತ್ತಾರೆ. ಇಬ್ಬರ ಗಡಿಯಾರಗಳನ್ನೂ ಹೊಂದಿಸಿರುತ್ತಾರೆ. ಹಾಲಿನ ಡೇರಿಯಲ್ಲಿ ಹಾಕುವವರ ಮುಂದೆಯೇ ಅಳತೆ ಮತ್ತು ಕೊಬ್ಬಿನ ಅಂಶ ನೋಡಿ ಚೀಟಿ ಕೊಡುವ ಹಾಗೆ. ಜೊತೆಗೆ ಕರಾರಿನಲ್ಲಿ ಇನ್ನೊಂದು ಕಲಮು ಬೇಕು: ಒಳಗೆ ಯಾರದೇ ತಪ್ಪಿರಲಿ, ಗಿರಾಕಿಗೆ ಉತ್ತರ ಕೊಡುವವರು ಒಬ್ಬರೇ. ಬಟ್ಟೆಯ ಅಂಗಡಿಯವನು ಹರಿದ ಥಾನನ್ನು ಹಿಂದಕ್ಕೆ ಪಡೆಯುತ್ತಾನೆ. ಸೈಜಿಂಗಿನವರ ಮನೆ ಹುಡುಕಿಕೊಂಡು ಹೋಗು ಎಂದು ನಮಗೆ ಹೇಳುವುದಿಲ್ಲ. ಜಾಲಸೇವೆಯಲ್ಲಿ ಈ ಕಲಮು ಇನ್ನೂ ಎಲ್ಲೆಡೆ ಬಂದಿಲ್ಲ. ಯಾವುದಾದರೂ ಸೇವೆಗೆ ಹಣ ಕಟ್ಟುವ ಮುಂಚೆ ಪಾಲಕರು ಆ ಒಂದು ಕಲಮನ್ನು ಹುಡುಕಿ ನೋಡಲಿ.

ಅಭ್ಯಾಸಕ್ಕೆ

ನಿಮ್ಮ ಊರಿನ ಹತ್ತಿರದ ಗೋಪುರವನ್ನು ಬೇಲಿಯ ಹೊರಗೆ ನಿಂತು ನೋಡಿರಿ. ಬೇರೆ ಬೇರೆ ಎತ್ತರದಲ್ಲಿ ಎಷ್ಟು ಆಂಟೆನಾ ಗುಂಪುಗಳಿವೆ ಎಂದು ಎಣಿಸಿರಿ, ಬೇಲಿಯ ಫಲಕದ ಮೇಲೆ ಯಾರ ಹೆಸರಿದೆ ಎಂದು ಬರೆದುಕೊಳ್ಳಿರಿ. ಹತ್ತಬೇಡಿರಿ. ಮನೆಯಲ್ಲಿ ಎರಡು ಕಂಪನಿಗಳ ಸಿಮ್ ಇದ್ದರೆ ವಿದ್ಯುತ್ತು ಬಹಳ ಹೊತ್ತು ಹೋದ ದಿನ ಯಾವುದು ಮೊದಲು ನಿಂತಿತು, ಎರಡೂ ಒಟ್ಟಿಗೆ ನಿಂತವೇ ಎಂದು ಗಡಿಯಾರ ನೋಡಿ ಬರೆಯಿರಿ. ಒಂಬತ್ತು-ಹತ್ತನೆಯವರು ಮೇಲಿನ ಲೆಕ್ಕವನ್ನು ನೂರಕ್ಕೆ ೯೫ರಂತೆ ಮತ್ತೆ ಮಾಡಿರಿ: ಮೂವರನ್ನು ಸರಪಳಿಯಲ್ಲಿಟ್ಟರೆ ವರ್ಷಕ್ಕೆ ಎಷ್ಟು ತಾಸು ನಷ್ಟ, ಮೂವರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಎಷ್ಟು? ಉತ್ತರವನ್ನು ಗಣಿತದ ಗುರುಗಳಿಗೆ ತೋರಿಸಿರಿ. ಗೋಪುರದ ಟಿಪ್ಪಣಿಯನ್ನು ನಮಗೆ ತಂದುಕೊಡಿರಿ.